ಗಾಜಿನ ಮನೆಯ ಅಳಿಯ

ಮಾರ್ಚ್ ೩, ಸೋಮವಾರ

ಇಂದು ಹನ್ನೊಂದು ಗಂಟೆಗೆ ಪಶುವೈದ್ಯೆಯ ಚಿಕಿತ್ಸಾಲಯದಿಂದ ಗಡ್ಡದ ಓತಿಯನ್ನು ಮನೆಗೆ ತಂದೆ. ತೂಕ ಇನ್ನೂರ ಹನ್ನೆರಡು ಗ್ರಾಂ. ಮೂಗಿನಿಂದ ಬಾಲದ ತುದಿಯವರೆಗೆ ಒಂದೂಕಾಲು ಅಡಿ. ಬಣ್ಣ ಒದ್ದೆಯಾದ ಬೂದಿಯದು. ಕೆರಳಿದರೆ ಗದ್ದದ ಕೆಳಗಿನ ಮುಳ್ಳುಗಳನ್ನು ಗಡ್ಡದಂತೆ ಉಬ್ಬಿಸುತ್ತದೆಯಂತೆ. ದಾರಿಯುದ್ದಕ್ಕೂ ಅದು ಕೆರಳಲಿಲ್ಲ. ಕಣ್ಣನ್ನು ಕೂಡ ಪೂರ್ತಿಯಾಗಿ ತೆರೆಯಲಿಲ್ಲ.

ಊರು ಬಿಟ್ಟು ಹೋಗುವ ಯಾರೋ ಇದನ್ನು ಚಿಕಿತ್ಸಾಲಯದ ಬಾಗಿಲಲ್ಲಿ ಬಿಟ್ಟುಹೋಗಿದ್ದರು. ವೈದ್ಯೆ ಚಿಕ್ಕ ವಯಸ್ಸಿನವರಾದರೂ ಮಾತಿನಲ್ಲಿ ಖಚಿತ. "ಆರು ವಾರ ನೋಡೋಣ ಮೇಡಂ. ಏಪ್ರಿಲ್ ಹದಿನಾಲ್ಕಕ್ಕೆ ಇನ್ನೂರೈವತ್ತು ಗ್ರಾಂ ಆದ್ರೆ ಇದು ನಿಮ್ಮದು. ಆಗ್ಲಿಲ್ಲ ಅಂದ್ರೆ ವಾಪಸ್ ತಗೋತೀನಿ. ಆಮೇಲೆ ಬೇಜಾರು ಮಾಡ್ಕೋಬಾರದು" ಎಂದರು. ಒಪ್ಪಿ ಸಹಿ ಹಾಕಿದೆ.

ವಸ್ತುಸಂಗ್ರಹಾಲಯದ ಹದಿನೇಳನೆಯ ಕಪಾಟಿನಲ್ಲಿ ಇದೇ ಜಾತಿಯ ಓತಿಯೊಂದಿತ್ತು. ಒಳಗೆ ಹತ್ತಿ, ಕಣ್ಣಿಗೆ ಗಾಜು. ಮೂವತ್ತೊಂದು ವರ್ಷ ಅದರ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆದವಳು ನಾನು. ಜನವರಿಯಲ್ಲಿ ನಿವೃತ್ತಳಾದ ಮೇಲೆ ಐದು ವಾರ ಈ ಮನೆಯ ಧೂಳನ್ನು ತೆಗೆದೆ. ಆರನೆಯ ವಾರ ತೆಗೆಯಲು ಧೂಳೇ ಉಳಿದಿರಲಿಲ್ಲ.

ತಂಗಿ ಹಿಂದಿನ ವರಾಂಡದಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ಮುಂದಿನ ಕೋಣೆ ಕತ್ತಲೆಯೆಂದು ಅವಳು ಯಂತ್ರವನ್ನು ಈ ವರಾಂಡಕ್ಕೆ ಸಾಗಿಸಿ ಹನ್ನೆರಡು ವರ್ಷವಾಯಿತು. ಪೆಟ್ಟಿಗೆಯೊಳಗೆ ಇಣುಕಿದಳು.

"ಏನಕ್ಕಾ ಇದು, ಹಲ್ಲಿಗೆ ಮುಳ್ಳು ಬಂದಿದೆ?"

"ಓತಿ."

"ಜೀವ ಇದೆಯಾ?"

"ಇದೆ."

"ಮತ್ತೆ ನಿಂಗ್ಯಾಕೆ ಕೊಟ್ರು? ಜೀವ ಇರೋದನ್ನ ನೋಡ್ಕೊಂಡು ನಿಂಗೇನು ಅಭ್ಯಾಸ?"

ತಮಾಷೆಗೆ ಹೇಳಿದ ಮಾತು. ತಮಾಷೆಯೆಂದೇ ಇಲ್ಲಿ ಬರೆದಿಡುತ್ತೇನೆ.

ಮಾರ್ಚ್ ೪, ಮಂಗಳವಾರ

ಇಡೀ ದಿನ ಓತಿಯ ಮನೆಯನ್ನು ಅಣಿಗೊಳಿಸುವುದರಲ್ಲಿ ಕಳೆಯಿತು. ಬಡಗಿ ಮಾಡಿಕೊಟ್ಟ ಪೆಟ್ಟಿಗೆ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಮೂರು ಕಡೆ ಮರ, ಮುಂದುಗಡೆ ಗಾಜಿನ ಜಾರುಬಾಗಿಲು, ಗಾಳಿಯಾಡಲು ಪಕ್ಕಗಳಲ್ಲಿ ಜಾಲರಿ. ಎಡತುದಿಯಲ್ಲಿ ಕಾವಿನ ದೀಪ, ಅದರಡಿಯಲ್ಲಿ ಚಪ್ಪಟೆ ಕಲ್ಲು. ಬಲತುದಿಯಲ್ಲಿ ಅಡಗಿ ಕುಳಿತುಕೊಳ್ಳಲು ಮರದ ಪೊಟರೆ. ವೈದ್ಯೆ ಕೊಟ್ಟ ಪಟ್ಟಿಯಂತೆ ಕಲ್ಲಿನ ಮೇಲೆ ನಲವತ್ತು ಡಿಗ್ರಿ, ಪೊಟರೆಯ ಬಳಿ ಇಪ್ಪತ್ತಾರು. ಒಂದೇ ಪೆಟ್ಟಿಗೆಯಲ್ಲಿ ಎರಡು ಹವೆಯಿರುವುದನ್ನು ಕಂಡಿದ್ದರೆ ನನ್ನ ಹಳೆಯ ಮೇಲಧಿಕಾರಿ ಮೂರು ದಿನ ಊಟ ಬಿಡುತ್ತಿದ್ದರು.

ಪಟ್ಟಿಯಲ್ಲಿದ್ದ ಇನ್ನೊಂದು ದೀಪ ಉದ್ದನೆಯ ಕೊಳವೆಯಂಥದು. ದಿನಕ್ಕೆ ಹನ್ನೆರಡು ಗಂಟೆ ಉರಿಯಬೇಕು. ಅದನ್ನು ನಮ್ಮ ವೃತ್ತಿಯ ಪದ್ಧತಿಯಂತೆ ಕೂರಿಸಿದೆ. ಪೆಟ್ಟಿಗೆಯ ನೆತ್ತಿಯಲ್ಲೊಂದು ದೀಪದ ಅಟ್ಟ, ಅಟ್ಟಕ್ಕೂ ಕೆಳಗಿನ ಅಂಕಣಕ್ಕೂ ನಡುವೆ ಗಾಜಿನ ಹಾಸು. ದೀಪವನ್ನು ಬದಲಿಸುವಾಗ ಒಳಗಿನದನ್ನು ಮುಟ್ಟಬೇಕಾಗಿಲ್ಲ. ಮೇಲಿನ ಧೂಳು ಕೆಳಗೆ ಬೀಳುವುದಿಲ್ಲ. ಗಾಜಿಗೆ ಕಿರಣ ತಡೆಯುವ ತೆಳುಪೊರೆಯನ್ನೂ ಅಂಟಿಸಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಅನಂತರ, ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ನೆನಪಿಗೆಂದು ಕೊಟ್ಟ ಹಳೆಯ ಮಾಪಕವನ್ನು ಕಲ್ಲಿನ ಮೇಲಿಟ್ಟು ನೋಡಿದೆ. ಬಣ್ಣವನ್ನು ಮಾಸಿಸುವ, ಚರ್ಮವನ್ನು ಬಿರಿಯಿಸುವ ಅತಿನೇರಳೆ ಕಿರಣ: ಸೊನ್ನೆ. ಮಾಪಕದ ಮುಳ್ಳು ಅಲುಗಲಿಲ್ಲ. ಮೂವತ್ತೊಂದು ವರ್ಷದ ಕೈ ಇನ್ನೂ ಸೋತಿಲ್ಲ.

ಹೆಸರಿನ ಚೀಟಿಗೆಂದು ಮುಂದುಗಡೆ ಹಿತ್ತಾಳೆಯ ಸಣ್ಣ ಚೌಕಟ್ಟನ್ನೂ ಬಿಗಿದೆ. ಚೀಟಿ ಹಾಕಲಿಲ್ಲ. ಏಪ್ರಿಲ್ ಹದಿನಾಲ್ಕು ಕಳೆಯಲಿ.

ಪೆಟ್ಟಿಗೆಯನ್ನು ಇಟ್ಟಿರುವ ಮುಂದಿನ ಕೋಣೆಯ ದಪ್ಪ ಪರದೆ ಎಂದಿನಂತೆ ಮುಚ್ಚಿದೆ. ಬಿಸಿಲು ಪುಸ್ತಕಗಳ ಬೆನ್ನನ್ನು ತಿನ್ನುತ್ತದೆ.

ಓತಿಗಾಗಿ ಬೇರೊಂದು ದಾಖಲೆ ಪುಸ್ತಕ ಇಟ್ಟಿದ್ದೇನೆ. ಮೊದಲ ನಮೂದು: ಸ್ಥಿತಿ, ಬದಲಾವಣೆಯಿಲ್ಲ. ಇದಕ್ಕಿಂತ ಒಳ್ಳೆಯ ಸುದ್ದಿ ನಮ್ಮ ವೃತ್ತಿಯಲ್ಲಿಲ್ಲ.

ಮಾರ್ಚ್ ೬, ಗುರುವಾರ

ಮೀನು ಸಾಕುವವರಿಗೆ ಸಾಮಾನು ಮಾರುವ ಅಂಗಡಿಯಿಂದ ಓತಿಯ ಆಹಾರಕ್ಕೆಂದು ನಿನ್ನೆ ಐವತ್ತು ಜೀರುಂಡೆಗಳನ್ನು ತಂದಿದ್ದೆ. ಅವುಗಳನ್ನು ಸಂಗ್ರಹಾಲಯದಲ್ಲಿ ಸತ್ತ ಕೀಟಗಳ ಮಾದರಿ ಇಡುತ್ತಿದ್ದ ಹಳೆಯ ಪೆಟ್ಟಿಗೆಯೊಂದರಲ್ಲಿ ಇಟ್ಟೆ. ಗಟ್ಟಿಮುಟ್ಟಾದ, ಬಿರುಕಿಲ್ಲದ ಪೆಟ್ಟಿಗೆ. ಇಂದು ಬೆಳಗ್ಗೆ ಐವತ್ತೂ ಕಾಲು ಮೇಲೆ ಮಾಡಿಕೊಂಡು ಬಿದ್ದಿದ್ದವು.

ತಂಗಿ ಪೆಟ್ಟಿಗೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ನುಸಿಗುಳಿಗೆ ವಾಸನೆ ಅಕ್ಕಾ. ಮೂವತ್ತು ವರ್ಷ ಹುಳ ಸಾಯಿಸಿದ ಕೈ ನಿಂದು. ಒಂದೇ ವಾರದಲ್ಲಿ ಬುದ್ಧಿ ಬಿಡುತ್ತಾ?"

ಮರದೊಳಗೆ ಇಳಿದ ಗುಳಿಗೆಯ ವಾಸನೆ ನನ್ನ ಮೂಗಿಗೆ ಬಡಿಯಲೇ ಇಲ್ಲ. ನನಗದು ಶುಚಿಯಾದ ಗಾಳಿಯ ವಾಸನೆ.

ಹುಳುಗಳು ಸಾಯದಂತೆ ನೋಡಿಕೊಳ್ಳುವುದನ್ನು ಅರುವತ್ತೊಂದನೆಯ ವಯಸ್ಸಿನಲ್ಲಿ ಕಲಿಯಬೇಕಾಗಿದೆ. ತಂಗಿ ತನ್ನ ಗುಂಡಿಗಳ ಪ್ಲಾಸ್ಟಿಕ್ ಡಬ್ಬಿಯನ್ನು ಬರಿದುಮಾಡಿ ಕೊಟ್ಟಳು. ಮುಚ್ಚಳಕ್ಕೆ ಅವಳೇ ದಬ್ಬಳದಿಂದ ತೂತು ಹಾಕಿದಳು.

ಮಾರ್ಚ್ ೯, ಭಾನುವಾರ

ಓತಿ ಪೊಟರೆಯಿಂದ ಹೊರಗೆ ಬರುವುದಿಲ್ಲ. ಸಣ್ಣಗೆ ಹೆಚ್ಚಿದ ಸೊಪ್ಪು, ಕುಂಬಳಕಾಯಿಯ ಎಳೆ, ಎರಡು ಜೀರುಂಡೆ. ಎಲ್ಲವನ್ನೂ ತಟ್ಟೆಯಲ್ಲಿಟ್ಟು, ಬಿಳಿಯ ಕೈಗವಸು ತೊಟ್ಟು ಅದರ ಮುಂದೆ ಹಿಡಿದೆ. ಮುಖ ತಿರುಗಿಸಿತು.

ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಒಳ್ಳೆ ಅಳಿಯನ್ನ ತಂದಿದ್ದೀಯ. ಕೂತಲ್ಲಿಗೇ ತಟ್ಟೆ ಬರಬೇಕು, ಆದ್ರೂ ಮುಖ ಸಿಂಡರಿಸ್ಕೊಂಡೇ ಇರಬೇಕು."

ಇಂದಿನಿಂದ ಅದು ಅಳಿಯ. ನಾನು ಆ ಹೆಸರಿನಿಂದ ಕರೆಯುವುದಿಲ್ಲ.

ಮಾರ್ಚ್ ೧೦, ಸೋಮವಾರ

ಇನ್ನೂರ ಐದು. ಹೊಸ ಜಾಗವಾದ್ದರಿಂದ ಮೊದಲ ವಾರ ಇಳಿಯುವುದು ಸಹಜವೆಂದು ವೈದ್ಯೆ ಸಮಾಧಾನ ಹೇಳಿದರು. ದೀಪ ಹನ್ನೆರಡು ಗಂಟೆ ಉರಿಯುತ್ತಿದೆಯೇ ಎಂದು ಕೇಳಿದರು. ಒಂದು ನಿಮಿಷವೂ ಹೆಚ್ಚುಕಡಮೆಯಿಲ್ಲ ಎಂದೆ.

ಮಾರ್ಚ್ ೧೩, ಗುರುವಾರ

ಸ್ಥಿತಿ: ಬದಲಾವಣೆಯಿಲ್ಲ.

ಬರೆದ ಮೇಲೆ ಆ ಪದವನ್ನು ಬಹಳ ಹೊತ್ತು ನೋಡಿದೆ. ಏಕೋ ಹಿತವೆನಿಸಲಿಲ್ಲ.

ಮಾರ್ಚ್ ೧೭, ಸೋಮವಾರ

ನೂರ ತೊಂಬತ್ತಾರು.

ಮುಂಗಾಲಿನ ಬೆರಳುಗಳು ನಡುಗುತ್ತಿವೆ. ತಕ್ಕಡಿಯ ಮೇಲೆ ಅದು ತಲೆಯೆತ್ತಲೂ ಇಲ್ಲ. ವೈದ್ಯೆ ಅದರ ದವಡೆಯನ್ನೂ ಕಾಲಿನ ಮೂಳೆಯನ್ನೂ ಒತ್ತಿ ನೋಡಿದರು.

"ಮೂಳೆ ಮೆತ್ತಗಾಗ್ತಿದೆ ಮೇಡಂ. ಇವತ್ತಿಂದ ಸುಣ್ಣದಂಶದ ಹನಿ ಹಾಕಿ. ಆದ್ರೆ ಮುಂದಿನ ಸೋಮವಾರಾನೂ ಇಳಿದಿದ್ರೆ ನಾನು ಆರು ವಾರ ಕಾಯಲ್ಲ. ಇಲ್ಲೇ ಇಟ್ಕೋತೀನಿ."

"ಪಟ್ಟಿಯಲ್ಲಿರುವುದನ್ನೆಲ್ಲ ಮಾಡಿದ್ದೇನೆ" ಎಂದೆ.

"ಮಾಡಿರ್ತೀರಿ. ಅದೇ ನಂಗೆ ಅರ್ಥ ಆಗ್ತಿಲ್ಲ. ನಾಳೆ ನಿಮ್ಮ ಪುಸ್ತಕ ತಗೊಂಡು ಬನ್ನಿ, ನೋಡೋಣ."

ಮನೆಗೆ ಬಂದು ಹದಿನೇಳನೆಯ ಕಪಾಟಿನ ಓತಿಯನ್ನು ನೆನೆದೆ. ಮೂವತ್ತೊಂದು ವರ್ಷದಲ್ಲಿ ಅದರ ಒಂದು ಮುಳ್ಳೂ ಉದುರಲಿಲ್ಲ. ಇದನ್ನು ಎರಡೇ ವಾರದಲ್ಲಿ ಹಾಳುಮಾಡುತ್ತಿದ್ದೇನೆ. ಮೊದಲ ದಿನ ತಂಗಿ ಆಡಿದ ಮಾತು ತಮಾಷೆಯಾಗಿರಲಿಲ್ಲವೇನೋ.

ಮಾರ್ಚ್ ೧೮, ಮಂಗಳವಾರ

ನಡೆದದ್ದನ್ನು ನಡೆದಂತೆಯೇ ಬರೆಯಬೇಕು.

ವೈದ್ಯೆ ದಾಖಲೆ ಪುಸ್ತಕದ ಪುಟಗಳನ್ನು ತಿರುವುತ್ತ ಒಂದು ಕಡೆ ಬೆರಳಿಟ್ಟರು. "ದಿನಾ ಇಲ್ಲೊಂದು ಸೊನ್ನೆ ಬರೆದಿದ್ದೀರಲ್ಲ, ಏನದು?"

"ಅತಿನೇರಳೆ ಕಿರಣ. ದಿನಕ್ಕೆ ಎರಡು ಸಲ ಅಳೆಯುತ್ತೇನೆ. ಒಂದಿಷ್ಟೂ ಒಳಗೆ ಇಳಿಯುವುದಿಲ್ಲ."

ಅವರು ಲೇಖನಿಯನ್ನು ಕೆಳಗಿಟ್ಟರು. "ಯಾಕೆ ಇಳಿಯಲ್ಲ?"

"ನಡುವೆ ಗಾಜಿದೆ. ಗಾಜಿಗೆ ಪೊರೆಯೂ ಇದೆ."

"ಮೇಡಂ, ನಾನು ಆ ದೀಪ ಕೊಟ್ಟಿದ್ದು ಯಾಕೆ ಅಂದ್ಕೊಂಡ್ರಿ?"

"ಬೆಳಕಿಗೆ."

"ಬರೀ ಬೆಳಕು ಸಾಕಿದ್ರೆ ನಿಮ್ಮ ಅಡುಗೆಮನೆ ದೀಪಾನೇ ಹಾಕಿ ಅಂತಿದ್ದೆ. ಆ ಕಿರಣ ಮೈಮೇಲೆ ಬಿದ್ರೇನೇ ಅದರ ಮೂಳೆ ಗಟ್ಟಿ ಆಗೋದು, ಹಸಿವಾಗೋದು. ಬಯಲಲ್ಲಿ ಬಿಸಿಲು ಕಾಯೋ ಪ್ರಾಣಿ ಅದು. ನಡುವೆ ಏನೂ ಇಡಬೇಡಿ ಅಂತ ಪಟ್ಟಿಯಲ್ಲಿ ಬರೀಲಿಲ್ಲ, ನನ್ನದೂ ತಪ್ಪು. ಯಾರಾದ್ರೂ ಇಡ್ತಾರೆ ಅಂತ ನಂಗೆ ಹೊಳೀಲಿಲ್ಲ."

ಯಾರೂ ಇಡುವುದಿಲ್ಲ. ನನ್ನಂಥವಳು ಮಾತ್ರ ಇಡುತ್ತಾಳೆ. ಗಾಜು ಆ ಕಿರಣವನ್ನು ತಡೆಯುತ್ತದೆಂಬುದನ್ನು ಕಿರಿಯರಿಗೆ ಪಾಠ ಹೇಳಿದವಳು ನಾನೇ. ದೀಪವನ್ನು ತೂಗುಹಾಕಿ, ಅದರ ಸಾರವನ್ನೆಲ್ಲ ತಡೆದು, ತಡೆದೆನೆಂದು ದಿನಕ್ಕೆ ಎರಡು ಬಾರಿ ಹೆಮ್ಮೆಯಿಂದ ಬರೆದಿಟ್ಟೆ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ತಿರುಪುಗಳನ್ನು ಬಿಚ್ಚಿದೆ. ಗಾಜಿನ ಹಾಸು ಭಾರವಾಗಿತ್ತು. ತಂಗಿ ಇನ್ನೊಂದು ತುದಿಯನ್ನು ಹಿಡಿದಳು. ದೀಪವನ್ನು ಅಟ್ಟದಿಂದ ಕೆಳಗಿಳಿಸಿ, ಕಲ್ಲಿನಿಂದ ಒಂದಡಿ ಎತ್ತರದಲ್ಲಿ ತೂಗುಹಾಕಿದೆವು. ಮಾಪಕವನ್ನು ಕಲ್ಲಿನ ಮೇಲಿಟ್ಟೆ. ಮುಳ್ಳು ಎದ್ದಿತು, ಬಲಕ್ಕೆ ವಾಲಿತು, ಅಲ್ಲೇ ನಿಂತಿತು.

ಮೂವತ್ತೊಂದು ವರ್ಷ ಆ ಮುಳ್ಳು ಎದ್ದಾಗಲೆಲ್ಲ ಓಡಿಹೋಗಿ ಪರದೆ ಎಳೆಯುತ್ತಿದ್ದೆ. ಇಂದು ಅದು ಇನ್ನೂ ಎರಡು ಗೆರೆ ಮುಂದೆ ಹೋಗಬಾರದೇ ಎನಿಸಿತು.

"ಗಾಜು ಎಲ್ಲಿ ಇಡ್ಲಿ?" ಎಂದಳು ತಂಗಿ.

"ಎಲ್ಲಾದರೂ ಇಡು."

ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಪ್ರತಿಯೊಂದು ವಸ್ತುವಿಗೂ ಇಂಥದೇ ಜಾಗವೆಂದು ಹೇಳುವವಳು ನಾನು.

ಮಾರ್ಚ್ ೨೧, ಶುಕ್ರವಾರ

ಪೊಟರೆಯಿಂದ ತಲೆ ಹೊರಗೆ ಹಾಕಿದೆ. ಅರ್ಧ ಮೈ. ಹನಿಯನ್ನು ನೆಕ್ಕಿತು.

ರಾತ್ರಿ ತಪ್ಪಿಸಿಕೊಂಡ ಜೀರುಂಡೆಯೊಂದು ಹೊಲಿಗೆ ಯಂತ್ರದೊಳಗೆ ಸೇರಿಕೊಂಡು ಹಗಲಿಡೀ ಕಿರಿಚಿತು. "ಎಣ್ಣೆ ಬಿಟ್ಟಷ್ಟೂ ಹೆಚ್ಚು ಹಾಡುತ್ತೆ ಅಕ್ಕಾ ಈ ಮಿಷನ್ನು" ಎಂದು ತಂಗಿ ದೂರಿದಳು. ಹಿಂದೆ ಈ ಮನೆಯಲ್ಲಿ ಒಂದು ಇರುವೆ ಕಂಡರೂ ನಾನು ಕೋಣೆಯನ್ನೇ ಬರಿದುಮಾಡಿಸುತ್ತಿದ್ದೆ. ಜೀರುಂಡೆಯನ್ನು ಹಿಡಿದು ಡಬ್ಬಿಗೆ ಹಾಕಿದೆ. ಅದಕ್ಕೂ ಒಂದು ಚೂರು ಸೊಪ್ಪು ಕೊಟ್ಟೆ.

ಮಾರ್ಚ್ ೨೨, ಶನಿವಾರ

ಬೆಳಗ್ಗೆ ಹತ್ತು ಗಂಟೆಗೆ ನೋಡಿದರೆ ಓತಿ ಕಲ್ಲಿನ ಮೇಲೆ ಎದೆಯೆತ್ತಿ ಕುಳಿತು ಬಾಯಿಯನ್ನು ಅಗಲವಾಗಿ ತೆರೆದಿದೆ. ಮುಚ್ಚುತ್ತಿಲ್ಲ. ಉಸಿರು ಸಿಕ್ಕಿಕೊಂಡಿತೆಂದೇ ತಿಳಿದು ವೈದ್ಯೆಗೆ ಫೋನು ಮಾಡಿದೆ. ಸಂಖ್ಯೆಯನ್ನು ತಂಗಿ ಒತ್ತಿಕೊಟ್ಟಳು.

"ಬಣ್ಣ ಹೇಗಿದೆ?" ಎಂದರು ವೈದ್ಯೆ.

ನೋಡಿದೆ. ಬೂದಿಯ ಬಣ್ಣ ಹೋಗಿತ್ತು. ಬೆನ್ನು ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು, ಕೆನ್ನೆಯ ಬಳಿ ಕಿತ್ತಳೆಯ ಛಾಯೆ.

"ಹಾಗಾದ್ರೆ ಅದಕ್ಕೆ ಏನೂ ಆಗಿಲ್ಲ. ಮೈ ಸಾಕಷ್ಟು ಕಾದಿದೆ, ಅದಕ್ಕೆ ಬಾಯಿ ತೆರೆದು ಬಿಸಿ ಬಿಡ್ತಿದೆ. ಸುಖವಾಗಿದೆ ಅಂತ ಅರ್ಥ. ನೀವು ಒಂದು ಲೋಟ ನೀರು ಕುಡೀರಿ."

ಕುಡಿದೆ. ಹದಿನೇಳನೆಯ ಕಪಾಟಿನ ಓತಿಯ ಬಾಯಿಯೂ ತೆರೆದೇ ಇತ್ತು. ಅದನ್ನು ಕೋಪವೆಂದು ನಾವು ಫಲಕದಲ್ಲಿ ಬರೆದಿದ್ದೆವು.

ಮಾರ್ಚ್ ೨೩, ಭಾನುವಾರ

ತಿಂದಿತು.

ತಟ್ಟೆಯಲ್ಲಿ ಬಿಟ್ಟ ಜೀರುಂಡೆಯನ್ನು ಓರೆಗಣ್ಣಿನಿಂದ ನೋಡಿತು, ಕತ್ತು ವಾಲಿಸಿತು. ಮರುಕ್ಷಣ ಜೀರುಂಡೆ ಇರಲಿಲ್ಲ. ಏಳು. ಏಳನೆಯದನ್ನು ನುಂಗಿ ನನ್ನತ್ತ ನೋಡಿತು, ಎಂಟನೆಯದೆಲ್ಲಿ ಎಂಬಂತೆ.

"ಅಳಿಯಂದಿರು ಊಟಕ್ಕೆ ಎದ್ರು" ಎಂದು ತಂಗಿ ಪಕ್ಕದ ಮನೆಯವರಿಗೆ ಕೇಳುವಂತೆ ಸಾರಿದಳು.

ಮಾರ್ಚ್ ೨೪, ಸೋಮವಾರ

ಇನ್ನೂರ ಒಂದು. ಐದು ಗ್ರಾಂ ಏರಿದೆ. ವೈದ್ಯೆ ಅದನ್ನು ನನ್ನ ಕೈಗೇ ಮರಳಿ ಕೊಟ್ಟರು.

ಮೂರು ವಾರದಲ್ಲಿ ನಲವತ್ತೊಂಬತ್ತು ಗ್ರಾಂ ಏರಬೇಕು. ಸುಲಭವಲ್ಲ ಎಂದರು, ಆಗುವುದಿಲ್ಲ ಎನ್ನಲಿಲ್ಲ.

ಮಾರ್ಚ್ ೩೧, ಸೋಮವಾರ

ಇನ್ನೂರ ಹದಿನೇಳು. ಬೆರಳಿನ ನಡುಕ ನಿಂತಿದೆ. ನಿನ್ನೆ ತಂಗಿಯ ಕತ್ತರಿಯ ಸದ್ದಿಗೆ ಗಡ್ಡವನ್ನು ಉಬ್ಬಿಸಿ ಕಪ್ಪಗೆ ಮಾಡಿ ನಿಂತಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದು, "ಆಯ್ತು ಮಾರಾಯ, ಅಳತೆ ತಗೊಳಕ್ಕೆ ಬಂದಿಲ್ಲ" ಎಂದಳು.

ದಾಖಲೆ ಪುಸ್ತಕದಲ್ಲಿ ಸ್ಥಿತಿಯ ಅಂಕಣ ಸಾಲದಾಗಿದೆ. ಪಕ್ಕದ ಅಂಚಿನಲ್ಲಿ ಬರೆಯುತ್ತಿದ್ದೇನೆ.

ಏಪ್ರಿಲ್ ೫, ಶನಿವಾರ

ಓತಿಗೆ ಎತ್ತರದಲ್ಲಿ ಮಲಗಲು ಜೋಲಿಯೊಂದಿದ್ದರೆ ಒಳ್ಳೆಯದೆಂದು ವೈದ್ಯೆ ಹೇಳಿದ್ದರು. ತಂಗಿ ತನ್ನ ತುಂಡುಬಟ್ಟೆಗಳ ಗಂಟನ್ನು ಬಿಚ್ಚಿದಳು. ಎಲ್ಲವೂ ತೆಳು, ಉಗುರು ಸಿಕ್ಕಿಕೊಳ್ಳುತ್ತದೆ.

"ದಪ್ಪ ಬಟ್ಟೆ ಬೇಕಲ್ಲ ಅಕ್ಕಾ."

"ಮುಂದಿನ ಕೋಣೆಯ ಪರದೆಯನ್ನು ಕತ್ತರಿಸು. ಸುಮ್ಮನೆ ತೂಗಾಡುತ್ತಿದೆ."

ಅವಳು ಕತ್ತರಿ ಹಿಡಿದುಕೊಂಡು ನನ್ನನ್ನೇ ನೋಡಿದಳು. "ಪೂರ್ತಿನಾ?"

"ಅರ್ಧ ಪರದೆಯನ್ನು ಇಟ್ಟುಕೊಂಡು ಏನು ಮಾಡುತ್ತೀ?"

ಜೋಲಿ ಚೆನ್ನಾಗಿ ಬಂದಿದೆ. ಅಂಚಿಗೆ ಜೋಡು ಹೊಲಿಗೆ ಹಾಕಿದ್ದಾಳೆ. ಉಳಿದ ಬಟ್ಟೆಯಲ್ಲಿ ಯಂತ್ರಕ್ಕೊಂದು ಹೊದಿಕೆ ಹೊಲಿದುಕೊಂಡಳು. ಸಂಜೆ ನೋಡುವಾಗ ಯಂತ್ರ ಮುಂದಿನ ಕೋಣೆಯ ಕಿಟಕಿಯ ಬಳಿ ಬಂದಿತ್ತು. ಅಲ್ಲಿಂದ ಓತಿಯ ಮೇಲೆ ಕಣ್ಣಿಡುವುದು ಸುಲಭವಂತೆ. ಇರಲಿ.

ಏಪ್ರಿಲ್ ೭, ಸೋಮವಾರ

ಇನ್ನೂರ ಮೂವತ್ತಾರು.

ಏಪ್ರಿಲ್ ೧೦, ಗುರುವಾರ

ಎರಡು ದಿನದಿಂದ ಏನನ್ನೂ ತಿಂದಿಲ್ಲ. ನಿನ್ನೆ ಮೈಯೆಲ್ಲ ಮಂಕಾಗಿತ್ತು; ಇಂದು ಹೆಗಲ ಬಳಿ ಚರ್ಮ ಬಿರಿದು ಎದ್ದಿದೆ. ಮೊದಲು ನೆನಪಾದದ್ದು ಅಂಟು. ಸಂಗ್ರಹಾಲಯದಲ್ಲಿ ಚರ್ಮ ಎದ್ದರೆ ಅದೇ ದಿನ ಅಂಟು ಕಾಯಿಸುತ್ತಿದ್ದೆವು. ಸದ್ಯ, ಕಾಯಿಸಲಿಲ್ಲ. ಚಿಕಿತ್ಸಾಲಯಕ್ಕೆ ಓಡಿದೆ.

"ಪೊರೆ ಬಿಡ್ತಿದೆ ಮೇಡಂ. ಬೆಳೀತಾ ಇದೆ, ಹಳೇ ಅಂಗಿ ಬಿಗಿಯಾಗಿದೆ, ಅಷ್ಟೇ. ಉಗುರು ಬೆಚ್ಚಗಿನ ನೀರಲ್ಲಿ ಕೂರಿಸಿ, ಎಳೀಬೇಡಿ" ಎಂದರು ವೈದ್ಯೆ.

ಆದರೆ ಉಳಿದಿರುವುದು ನಾಲ್ಕೇ ದಿನ. ಪೊರೆ ಬಿಡುವಾಗ ಊಟ ಬಿಟ್ಟರೆ ತೂಕ ಎಲ್ಲಿಂದ ಬರಬೇಕು? ಕೇಳಿದೆ. ಅವರು ಅದರ ತಲೆಯನ್ನು ಸವರಿದರು.

ಬೋಗುಣಿಯ ನೀರಿನಲ್ಲಿ ಅರ್ಧ ಗಂಟೆ ಕೂರಿಸಿದೆ. ಅದು ಮುಂಗಾಲುಗಳನ್ನು ನನ್ನ ಮಣಿಕಟ್ಟಿನ ಮೇಲೆ ಊರಿ ಕಣ್ಣು ಮುಚ್ಚಿಕೊಂಡಿತು. ಪಾದ ತಣ್ಣಗೆ, ಹೊಟ್ಟೆ ಬೆಚ್ಚಗೆ, ಮುಳ್ಳುಗಳು ನೋಡಿದಷ್ಟು ಚೂಪಲ್ಲ. ಒದ್ದೆಯಾದಾಗ ರಬ್ಬರಿನಂತೆ ಬಾಗುತ್ತವೆ. ಕೈಗವಸು ಎಲ್ಲಿಟ್ಟೆನೋ, ಹುಡುಕಬೇಕು.

ನಡುವೆ ಸಂಗ್ರಹಾಲಯದಿಂದ ಫೋನು ಬಂದಿತು. ಹದಿನೇಳನೆಯ ಕಪಾಟಿನ ಬೀಗದ ಕೈ ಎಲ್ಲಿದೆಯೆಂದು ನನ್ನ ಸ್ಥಾನಕ್ಕೆ ಬಂದವಳು ಕೇಳಿದಳು. ಕೈ ಒದ್ದೆಯಾಗಿದೆ, ಆಮೇಲೆ ಹೇಳುತ್ತೇನೆ ಎಂದೆ. ಹೇಳಲೇ ಇಲ್ಲವೆಂದು ಈಗ ಇದನ್ನು ಬರೆಯುವಾಗ ನೆನಪಾಯಿತು.

ಏಪ್ರಿಲ್ ೧೨, ಶನಿವಾರ

ಪೊರೆ ಪೂರ್ತಿ ಕಳಚಿತು. ಒಳಗಿನ ಬಣ್ಣವನ್ನು ಏನೆಂದು ಬರೆಯಲಿ? ಬೆಳಗ್ಗೆ ಜೇನು, ಮಧ್ಯಾಹ್ನ ಕಿತ್ತಳೆ. ಹನ್ನೆರಡು ಜೀರುಂಡೆ, ಒಂದು ಹಿಡಿ ಸೊಪ್ಪು. ಸಂಜೆ ಮತ್ತೆ ಒಂಬತ್ತು.

ತಂಗಿ ಇನ್ನೂ ಇಪ್ಪತ್ತು ಜೀರುಂಡೆ ತರಲು ತಾನೇ ಹೊರಟಳು. ಹಲ್ಲಿ ಕಂಡರೆ ಕುರ್ಚಿ ಹತ್ತುವವಳು.

ಏಪ್ರಿಲ್ ೧೪, ಸೋಮವಾರ

ಬೆಳಗ್ಗೆ ಮನೆಯ ತಕ್ಕಡಿಯಲ್ಲಿ ಇನ್ನೂರೈವತ್ತೆಂಟು. ತಂಗಿ ಹೊಲಿಗೆಯನ್ನು ಬಿಟ್ಟು ಜೊತೆಗೆ ಬಂದಳು. ಆಟೋದಲ್ಲಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡವಳೂ ಅವಳೇ. "ಹೊಂಡ ನೋಡ್ಕೊಂಡು ಓಡ್ಸಪ್ಪ, ಒಳಗೆ ಅಳಿಯಂದಿರು ಇದ್ದಾರೆ" ಎಂದಳು. ಚಾಲಕ ತಿರುಗಿ ಬುಟ್ಟಿಯನ್ನು ನೋಡಿ ವೇಗ ತಗ್ಗಿಸಿದ.

ಚಿಕಿತ್ಸಾಲಯದ ಮೇಜಿನ ಮೇಲೆ ಬಿಟ್ಟೆವು. ಅದು ಸುತ್ತ ನೋಡಿತು, ಬಾಲವನ್ನೆತ್ತಿತು, ಬೆಳಗಿನಿಂದ ತಿಂದದ್ದರ ಲೆಕ್ಕವನ್ನು ಅಲ್ಲೇ ಒಪ್ಪಿಸಿತು.

ಮೊದಲು ಬಾಯಿ ಬಿಟ್ಟವಳು ತಂಗಿ. "ಅದನ್ನೂ ಸೇರಿಸಿ ತೂಗಕ್ಕಾಗಲ್ವಾ ಡಾಕ್ಟರಮ್ಮ?"

"ಆಗಲ್ಲಮ್ಮ" ಎಂದು ವೈದ್ಯೆ ಮೇಜನ್ನು ಒರೆಸಿ, ಓತಿಯನ್ನು ತಕ್ಕಡಿಗೆ ಏರಿಸಿದರು. ಅಂಕಿಗಳು ಓಡಾಡಿದವು. ಇನ್ನೂರ ನಲವತ್ತೊಂಬತ್ತು, ಇನ್ನೂರೈವತ್ತೆರಡು, ಮತ್ತೆ ನಲವತ್ತೊಂಬತ್ತು. ಅದು ಉಸಿರೆಳೆದು ಕಾಲುಗಳನ್ನು ಮಡಿಸಿ ಕುಳಿತ ಮೇಲೆ ನಿಂತವು.

ಇನ್ನೂರ ಐವತ್ತೊಂದು.

ವೈದ್ಯೆ ಕಾಗದಕ್ಕೆ ಸಹಿ ಹಾಕಿ ನನ್ನತ್ತ ಸರಿಸಿದರು. ನಾನು ಓದಲು ಕನ್ನಡಕವನ್ನು ಒರೆಸಿಕೊಳ್ಳಬೇಕಾಯಿತು. ತಂಗಿ ಅದರ ಬೆನ್ನನ್ನು ಒಂದು ಬೆರಳಿನಿಂದ ಸವರಿ, "ನೋಡಿ ಡಾಕ್ಟರಮ್ಮ, ನಮ್ಮ ಅಳಿಯ" ಎಂದಳು.

"ಅಳಿಯ?" ವೈದ್ಯೆ ನಕ್ಕರು. "ಯಾರು ಹೇಳಿದ್ದು? ಇದು ಹೆಣ್ಣು. ನೀವು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ತಂಗಿ ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ಆರು ವಾರ ಮಾಡಿದ ಉಪಚಾರ ಎಲ್ಲ ಸೊಸೆಗೆ ಆಯ್ತು. ಆಗ್ಲಿ ಬಿಡಿ. ಎಲ್ಲಾದ್ರೂ ಒಂದು ಮನೇಲಿ ಸೊಸೆಗೂ ಆಗ್ಬೇಕಲ್ಲ."

ಮರಳುವ ದಾರಿಯಲ್ಲಿ ಹೇಳಿದಳು: "ಅಕ್ಕಾ, ಮೊದಲ ದಿನ ನಾನೊಂದು ಮಾತು ಹೇಳಿದ್ದೆ."

"ಯಾವ ಮಾತು?" ಎಂದೆ.

"ಏನಿಲ್ಲ ಬಿಡು" ಎಂದು ಬುಟ್ಟಿಯ ಮುಚ್ಚಳವನ್ನು ಸರಿಮಾಡಿದಳು.

ಮನೆಗೆ ಬಂದು ಪರದೆಯಿಲ್ಲದ ಕಿಟಕಿಯ ಬಳಿ ಕುಳಿತು ಹಿತ್ತಾಳೆಯ ಚೌಕಟ್ಟಿಗೆ ಚೀಟಿ ಬರೆದೆ. ಹೆಸರು: ಗಡ್ಡದ ಓತಿ, ಹೆಣ್ಣು. ಬಂದ ದಿನ: ಮಾರ್ಚ್ ೩. ತೂಕ: ೨೫೧ ಗ್ರಾಂ. ಸ್ಥಿತಿಯೆಂಬಲ್ಲಿ ಲೇಖನಿ ತಾನಾಗಿಯೇ ‘ಬದಲಾವಣೆಯಿಲ್ಲ’ ಎಂಬ ಹಳೆಯ ಪದದ ಕಡೆಗೆ ಹೊರಟಿತು. ತಡೆದು ಪೆಟ್ಟಿಗೆಯತ್ತ ನೋಡಿದೆ. ಓತಿ ಜೋಲಿಯಿಂದ ಇಳಿದು, ಕಲ್ಲನ್ನು ಹತ್ತಿ, ಗಾಜಿಗೆ ಮೂಗನ್ನು ಒತ್ತಿ ತಂಗಿಯ ಕೈಯಲ್ಲಿದ್ದ ಡಬ್ಬಿಯನ್ನು ನೋಡುತ್ತಿದ್ದಳು.

ಸ್ಥಿತಿ: ದಿನಕ್ಕೊಂದು ಬಗೆ.

ಚೀಟಿಯನ್ನು ಚೌಕಟ್ಟಿಗೆ ಸೇರಿಸಿ, ನಮ್ಮ ಪದ್ಧತಿಯಂತೆ ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದೆ. ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ. ದೀಪ ಹಾಕುವ ಅಗತ್ಯವೇ ಬೀಳಲಿಲ್ಲ.